ದರಪಟ್ಟಿ ಫೈಲ್ ಅಳಿಸಿಹೋಗದಂತೆ ಮಾಡಿದ್ದು

ಇಳಕಲ್‌ನಲ್ಲಿ ನಮ್ಮ ಕಾಕಾನ ಸೀರೆ ಅಂಗಡಿ ಇದೆ. ಅಲ್ಲಿನ ಲಿನಕ್ಸ್ ಕಂಪ್ಯೂಟರ್‌ನಲ್ಲಿ ದರಪಟ್ಟಿಯ ಫೈಲ್ ಆಗಾಗ ಮಾಯವಾಗುತ್ತಿತ್ತು. "ತಮ್ಮಾ, ಮತ್ತ ಹೋತಲ್ಲೋ" ಎಂದು ಕಾಕಾ ಫೋನ್ ಮಾಡಿದರು.

ಬ್ಯಾಕಪ್‌ನಿಂದ ತಂದು ಹಾಕಿ, ಫೈಲನ್ನು ರೂಟ್ (ಎಲ್ಲ ಅಧಿಕಾರ ಇರುವ ಮುಖ್ಯ ಖಾತೆ) ಹೆಸರಿಗೆ ಮಾಡಿ, ಓದಲು ಮಾತ್ರ ಅನುಮತಿ ಕೊಟ್ಟೆ. ವಾರದಲ್ಲಿ ಅದೂ ಹೋಯಿತು! ಆಮೇಲೆ ಹೊಳೆಯಿತು: ಫೈಲ್ ಅಳಿಸಬಹುದೋ ಇಲ್ಲವೋ ಎನ್ನುವುದು ಫೈಲಿನ ಅನುಮತಿಯಿಂದ ತೀರ್ಮಾನವಾಗುವುದಿಲ್ಲ, ಅದು ಇರುವ ಫೋಲ್ಡರಿನ ಅನುಮತಿಯಿಂದ ಆಗುತ್ತದೆ. ಆ ಫೋಲ್ಡರಿನಲ್ಲೇ ಹುಡುಗರು ಬಿಲ್ ಉಳಿಸಬೇಕು. ಬೀಗ ಹಾಕುವಂತಿಲ್ಲ, ಅಲ್ವಾ?

ಕೈಹಿಡಿದದ್ದು ಫೈಲಿಗೆ ವಿಶೇಷ ಗುರುತು ಹಾಕುವ 'ಚ್ಯಾಟರ್' (chattr) ಕಮಾಂಡ್. ಡಿಸ್ಕ್ ಇಎಕ್ಸ್‌ಟಿ4 (ಈ ಗುರುತು ನಡೆಯುವ ಲಿನಕ್ಸ್ ಫೈಲ್ ವ್ಯವಸ್ಥೆ) ಇತ್ತು. ರೂಟ್ ಅಧಿಕಾರದಲ್ಲಿ ಕಮಾಂಡ್ ನಡೆಸುವ ಸುಡೋ ಜೊತೆ, ಫೈಲ್ ಬದಲಾಗದಂತೆ ತಡೆಯುವ 'ಪ್ಲಸ್ ಐ' ಕೊಟ್ಟೆ. ಪರೀಕ್ಷಿಸಲು ರೂಟ್ ಆಗಿಯೇ ಅಳಿಸಲು ಹೋದೆ. 'ಆಪರೇಷನ್ ನಾಟ್ ಪರ್ಮಿಟೆಡ್' ಎಂದಿತು. ತಿದ್ದಲು, ಹೆಸರು ಬದಲಿಸಲು ಕೂಡ ಬಿಡಲಿಲ್ಲ. ಎಷ್ಟು ನಿರಾಳವಾಯಿತು! ಫೈಲುಗಳ ಪಟ್ಟಿ ತೋರಿಸುವ 'ಎಲ್‌ಎಸ್ ಮೈನಸ್ ಎಲ್' (ls -l) ಕಮಾಂಡಿನಲ್ಲಿ ಈ ಗುರುತು ಕಾಣುವುದಿಲ್ಲ. ಗುರುತುಗಳನ್ನು ತೋರಿಸುವ 'ಎಲ್‌ಎಸ್‌ಅಟ್ಟರ್' (lsattr) ಹಾಕಿದರೆ ಅಡ್ಡಗೆರೆಗಳ ಸಾಲಿನ ನಡುವೆ ಪುಟ್ಟ 'ಐ' ಅಕ್ಷರ ಕಾಣುತ್ತದೆ.

ದಿನದ ಜಮಾಖರ್ಚಿನ ಫೈಲಿಗೆ 'ಪ್ಲಸ್ ಎ' ಹಾಕಿದೆ. ಅದರ ಕೊನೆಗೆ ಹೊಸ ಸಾಲು ಸೇರಿಸಬಹುದು, ಹಳೆಯದನ್ನು ಮುಟ್ಟಲಾಗದು. ಎಡಿಟರ್‌ನಲ್ಲಿ ತೆರೆದು ಸೇವ್ ಮಾಡಿದರೆ ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಸಾಲು ಸೇರಿಸಲು ಒಂದು ಚಿಕ್ಕ ಸ್ಕ್ರಿಪ್ಟ್ ಬರೆದುಕೊಟ್ಟೆ.

ದರ ಬದಲಾದಾಗ ಗುರುತು ತೆಗೆಯುವ 'ಮೈನಸ್ ಐ', ತಿದ್ದುವುದು, ಮತ್ತೆ 'ಪ್ಲಸ್ ಐ'. ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಈ ಗುರುತು ಜೊತೆಗೆ ಬರುವುದಿಲ್ಲ, ಡಿಸ್ಕ್ ಕೆಟ್ಟರೂ ಕಾಪಾಡುವುದಿಲ್ಲ. ಅದಕ್ಕೇ ಬ್ಯಾಕಪ್ ನಿಲ್ಲಿಸಿಲ್ಲ.