ಗೋಡೆ ಮೇಲೆ ಮ್ಯಾಚು: ಅಗ್ಗದ ಪ್ರೊಜೆಕ್ಟರ್‌ನಲ್ಲಿ ಟಿವಿ ನೋಡುವುದು ಹೇಗೆ?

ಐಪಿಎಲ್ ಪಂದ್ಯ ಮಧ್ಯಾಹ್ನ ಮೂರೂವರೆಗೆ ಇದ್ದರೆ ನಮ್ಮ ಮನೆಯ ಪ್ರೊಜೆಕ್ಟರ್ ಬೀರುವಿನಲ್ಲೇ ಇರುತ್ತದೆ. ರಾತ್ರಿ ಏಳೂವರೆಗೆ ಇದ್ದರೆ ಮಾತ್ರ ಹೊರಗೆ ಬರುತ್ತದೆ. ಯಾಕೆ ಅನ್ನುವುದನ್ನು ನಾನು ದುಡ್ಡು ಕೊಟ್ಟು ಕಲಿತೆ.

ಮೊದಲ ಸಲ ಆನ್‌ಲೈನ್‌ನಲ್ಲಿ ತರಿಸಿದ ಪೆಟ್ಟಿಗೆಯ ಮೇಲೆ ‘9000 ಲ್ಯುಮೆನ್, 4ಕೆ’ ಅಂತ ದಪ್ಪ ಅಕ್ಷರದಲ್ಲಿತ್ತು. ಸಂಜೆ ಐದಕ್ಕೆ ಹಾಲ್‌ನ ಕಿಟಕಿಗೆ ಕರ್ಟನ್ ಎಳೆದು ಆನ್ ಮಾಡಿದೆ. ಗೋಡೆ ಮೇಲೆ ಏನೋ ಓಡಾಡುತ್ತಿದೆ ಅನ್ನುವಷ್ಟು ಕಂಡಿತು. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. “ಇದು ಆನ್ ಆಗಿದೆಯೇನೋ?” ಅಂದರು.

ಕೊಳ್ಳುವಾಗ ನೋಡಬೇಕಾದ್ದು ಎರಡೇ

ಐದಾರು ಸಾವಿರದಿಂದ ಹದಿನೈದು ಇಪ್ಪತ್ತು ಸಾವಿರದವರೆಗೆ ಸಿಗುವ ಎಲ್‌ಇಡಿ ಪ್ರೊಜೆಕ್ಟರ್‌ಗಳ ಮಾತು ಇದು. ಮೊದಲು ಬೆಳಕು ನೋಡಿ. ಬರೀ ‘ಲ್ಯುಮೆನ್’ ಅಂತ ಇರುವ ಸಂಖ್ಯೆಯನ್ನು ನಂಬಬೇಡಿ, ಅದನ್ನು ಯಾರು ಎಷ್ಟು ಬೇಕಾದರೂ ಬರೆದುಕೊಳ್ಳುತ್ತಾರೆ. ‘ಆನ್ಸಿ ಲ್ಯುಮೆನ್’ ಎಷ್ಟು ಅಂತ ಹುಡುಕಿ. ಚಿತ್ರ ಬೀಳುವ ಜಾಗದ ಒಂಬತ್ತು ಕಡೆ ಬೆಳಕು ಅಳೆದು, ಸರಾಸರಿ ತೆಗೆದು ಹಾಕುವ ಲೆಕ್ಕ ಅದು. ಈ ಬೆಲೆಗೆ 200ರಿಂದ 500 ಆನ್ಸಿ ಲ್ಯುಮೆನ್ ಅಂದರೆ ನಂಬಬಹುದಾದ ಮಾತು. ಎಲ್ಲೂ ಬರೆದೇ ಇಲ್ಲವೆಂದರೆ ಕಡಿಮೆ ಇದೆ ಅಂತಲೇ ತಿಳಿಯಿರಿ. ಕಾಲೇಜು, ಆಫೀಸುಗಳಲ್ಲಿ ಲೈಟ್ ಉರಿಯುತ್ತಿದ್ದರೂ ಚೆನ್ನಾಗಿ ಕಾಣುವ ಪ್ರೊಜೆಕ್ಟರ್‌ಗಳು ಸಾಮಾನ್ಯವಾಗಿ ಮೂರು ಸಾವಿರ ಲ್ಯುಮೆನ್‌ನ ಆಚೀಚೆ ಇರುತ್ತವೆ. ಅದನ್ನು ನೋಡಿ ನಮ್ಮದೂ ಹಾಗೇ ಅಂದುಕೊಂಡರೆ ಕೆಟ್ಟಿರಿ.

ಎರಡನೆಯದು ರೆಸಲ್ಯೂಷನ್. ‘4ಕೆ ಸಪೋರ್ಟ್’ ಅಂದರೆ 4ಕೆ ಚಿತ್ರ ಕೊಟ್ಟರೆ ಬೇಡ ಅನ್ನುವುದಿಲ್ಲ, ಅಷ್ಟೇ. ಒಳಗಿನ ಪ್ಯಾನೆಲ್‌ನಲ್ಲಿ ಎಷ್ಟು ಚುಕ್ಕೆ ಇದೆಯೋ ಅಷ್ಟೇ ಗೋಡೆಗೆ ಬರುವುದು. ‘ನೇಟಿವ್ ರೆಸಲ್ಯೂಷನ್’ ಅಂತ ಬರೆದ ಕಡೆ 1920×1080 ಇದ್ದರೆ ಚೆನ್ನ. 1280×720 ಆದರೂ ನಡೆಯುತ್ತದೆ. 800×480 ಇದ್ದರೆ ಬಿಟ್ಟುಬಿಡಿ, ಸ್ಕೋರ್ ಓದಲು ಎದ್ದು ಗೋಡೆ ಹತ್ತಿರ ಹೋಗಬೇಕಾಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ದೊಡ್ಡ ಟಿವಿಗಳದ್ದೂ ಇಳಿದಿದೆ. ಹಾಗಾಗಿ ಬೆಳಿಗ್ಗೆ ನ್ಯೂಸು, ಮಧ್ಯಾಹ್ನ ಧಾರಾವಾಹಿ ನೋಡುವ ಮನೆಯಾದರೆ ಆ ದುಡ್ಡಿಗೆ ಟಿವಿಯೇ ವಾಸಿ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ.

ಟೇಪ್ ಹಿಡಿದು ಅಳೆಯಿರಿ

ಕೊಳ್ಳುವ ಮುಂಚೆಯೇ ಮಾಡುವ ಕೆಲಸ ಇದು. ಪ್ರೊಜೆಕ್ಟರ್‌ನ ವಿವರದಲ್ಲಿ ‘ಥ್ರೋ ರೇಶಿಯೊ’ ಅಂತ ಒಂದು ಸಂಖ್ಯೆ ಇರುತ್ತದೆ. 1.3 ಇದ್ದರೆ, ಚಿತ್ರದ ಅಗಲದ 1.3 ಪಟ್ಟು ದೂರದಲ್ಲಿ ಪ್ರೊಜೆಕ್ಟರ್ ಇಡಬೇಕು ಅಂತ ಅರ್ಥ. ಟಿವಿಯ ಹಾಗೆ ಇಲ್ಲೂ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದದ್ದು; 80 ಇಂಚಿನ ಚಿತ್ರದ ಅಗಲ ಸುಮಾರು 5.8 ಅಡಿ, ಅದಕ್ಕೆ ಏಳೂವರೆ ಅಡಿ ದೂರ ಬೇಕು. 100 ಇಂಚಿಗೆ ಅಗಲ ಏಳೂಕಾಲು ಅಡಿ, ದೂರ ಒಂಬತ್ತೂವರೆ ಅಡಿ. ಹತ್ತಡಿಯ ಕೋಣೆಯಲ್ಲಿ ಸೋಫಾ, ಟೀಪಾಯಿ ಎಲ್ಲ ಕಳೆದು ಎಷ್ಟು ಉಳಿಯುತ್ತದೆ ನೋಡಿ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ನಿಜವಾದ ಜೂಮ್ ಇರುವುದಿಲ್ಲ. ಚಿತ್ರ ದೊಡ್ಡದಾಗಬೇಕಾದರೆ ಪೆಟ್ಟಿಗೆಯನ್ನೇ ಹಿಂದಕ್ಕೆ ತಳ್ಳಬೇಕು.

ಎಲ್ಲರೂ ಮಾಡುವ ತಪ್ಪು ಇಲ್ಲಿದೆ. ಗೋಡೆ ಪೂರ್ತಿ ಚಿತ್ರ ಬರಲಿ ಅಂತ ಆಸೆ. ಆದರೆ ಪ್ರೊಜೆಕ್ಟರ್‌ನ ಬೆಳಕು ಒಂದು ಸೌಟು ದೋಸೆ ಹಿಟ್ಟಿನ ಹಾಗೆ. ಕಾವಲಿ ತುಂಬ ಎಳೆದರೆ ತೆಳ್ಳಗಾಗುತ್ತದೆ, ಹಿಟ್ಟೇನೂ ಜಾಸ್ತಿ ಆಗುವುದಿಲ್ಲ. 80 ಇಂಚಿನ ಚಿತ್ರವನ್ನು 120 ಇಂಚಿಗೆ ಎಳೆದರೆ ಅದೇ ಬೆಳಕು ಎರಡೂಕಾಲು ಪಟ್ಟು ಜಾಗಕ್ಕೆ ಹರಡಬೇಕು. 300 ಲ್ಯುಮೆನ್‌ನ ಪೆಟ್ಟಿಗೆಗೆ 80 ಇಂಚು ಸಾಕು. ನಾನು ಆರು ತಿಂಗಳು ಹಟ ಮಾಡಿ, ಕೊನೆಗೆ ಒಂದೂವರೆ ಅಡಿ ಮುಂದಕ್ಕೆ ತಂದೆ. ಹೊಸ ಪ್ರೊಜೆಕ್ಟರ್ ತಂದ ಹಾಗಾಯಿತು.

ಇಡುವಾಗ ಲೆನ್ಸ್ ಗೋಡೆಗೆ ನೇರವಾಗಿರಲಿ. ಓರೆ ಇಟ್ಟು ‘ಕೀಸ್ಟೋನ್’ ಒತ್ತಿ ಸರಿಮಾಡಬಹುದು ನಿಜ, ಆದರೆ ಅದು ಚಿತ್ರವನ್ನು ಒಳಗೇ ಕುಗ್ಗಿಸಿ ಚೌಕ ಮಾಡುತ್ತದೆ. ಅಷ್ಟು ಚುಕ್ಕೆ ನಷ್ಟ. ಸ್ಟೂಲಿನ ಕೆಳಗೆ ಎರಡು ಹಳೇ ಪುಸ್ತಕ ಇಟ್ಟು ಎತ್ತರಿಸುವುದು ಅದಕ್ಕಿಂತ ಒಳ್ಳೆಯದು. ಸೀಲಿಂಗ್‌ಗೆ ತಗುಲಿಸುವ ಯೋಚನೆ ಇದ್ದರೆ ಮೊದಲು ಫ್ಯಾನ್ ಎಲ್ಲಿದೆ ನೋಡಿ. ಬೆಳಕಿಗೆ ರೆಕ್ಕೆ ಅಡ್ಡ ಬಂದರೆ ಪಂದ್ಯವೆಲ್ಲ ಮಿಣುಕುತ್ತಲೇ ಇರುತ್ತದೆ.

ಗೋಡೆಯೋ, ಪಂಚೆಯೋ?

ನಮ್ಮ ಹಾಲ್‌ನ ಗೋಡೆ ತಿಳಿ ಹಸಿರು. ಆಟಗಾರರೆಲ್ಲ ಜಾಂಡೀಸ್ ಬಂದವರ ಹಾಗೆ ಕಂಡರು. ಅಪ್ಪನ ಬಿಳಿ ಪಂಚೆಯನ್ನು ಎರಡು ಮೊಳೆಗೆ ಕಟ್ಟಿದೆ. ಬಣ್ಣ ಸರಿಹೋಯಿತು, ಆದರೆ ಮಡಿಕೆಯ ಗೆರೆಗಳು ಪಿಚ್ ಮೇಲೆ ಅಡ್ಡಡ್ಡ ಬಂದವು. ಫ್ಯಾನ್ ಗಾಳಿಗೆ ಬೌಲರ್ ನಿಂತಲ್ಲೇ ತೂಗಾಡತೊಡಗಿದ. ತೆಳು ಬಟ್ಟೆಯಾದ್ದರಿಂದ ಬೆಳಕಿನ ಒಂದು ಪಾಲು ಆಚೆ ಹೋಗಿ ಹಿಂದಿನ ಗೋಡೆ ಮೇಲೆ ಇನ್ನೊಂದು ಮಸುಕು ಮ್ಯಾಚು ನಡೆಯುತ್ತಿತ್ತು!

ಸುಲಭದ ದಾರಿ ಅಂದರೆ ಗೋಡೆಯ ಅಷ್ಟು ಜಾಗಕ್ಕೆ ಹೊಳಪಿಲ್ಲದ ಬಿಳಿ ಬಣ್ಣ ಹೊಡೆಯುವುದು. ಹೊಳಪಿನ ಪೇಂಟ್ ಬೇಡ, ಲೆನ್ಸಿನ ಬೆಳಕೇ ಕಣ್ಣಿಗೆ ಚುಚ್ಚುತ್ತದೆ. ಬಾಡಿಗೆ ಮನೆಯಾದರೆ ಸುರುಳಿ ಸುತ್ತುವ ಸ್ಕ್ರೀನ್ ತನ್ನಿ, ಹಿಂಭಾಗ ಕಪ್ಪಾಗಿರುವುದು ಒಳ್ಳೆಯದು.

ಒಂದು ವಿಷಯ ನೆನಪಿರಲಿ. ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಎಸೆಯಲಾರದು. ಕಪ್ಪು ಕಾಣಬೇಕಾದ ಕಡೆ ಬೆಳಕು ಕಳಿಸದೆ ಸುಮ್ನಿರಲು ಮಾತ್ರ ನೋಡುತ್ತದೆ. ಹಾಗಾಗಿ ಚಿತ್ರದ ಕಪ್ಪು ನಿಮ್ಮ ಕೋಣೆಯ ಕತ್ತಲೆಗಿಂತ ಕಪ್ಪಾಗಲು ಸಾಧ್ಯವಿಲ್ಲ. ಅಡುಗೆಮನೆಯ ಟ್ಯೂಬ್‌ಲೈಟ್ ಹಾಲ್‌ಗೆ ಬೀಳುತ್ತಿದ್ದರೂ ರಾತ್ರಿಯ ದೃಶ್ಯಗಳೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತವೆ. ದುಡ್ಡು ಉಳಿದಿದ್ದರೆ ಕಿಟಕಿಗೆ ದಪ್ಪ ಕರ್ಟನ್ ಹೊಲಿಸಿ. ಇದಕ್ಕಿಂತ ಅಗ್ಗದ ಅಪ್‌ಗ್ರೇಡ್ ಇನ್ನೊಂದಿಲ್ಲ.

ಸೆಟ್‌ಟಾಪ್ ಬಾಕ್ಸ್ ಜೋಡಿಸುವುದು

ಬಾಕ್ಸ್‌ನ ಎಚ್‌ಡಿಎಂಐ ಕೇಬಲ್ ಪ್ರೊಜೆಕ್ಟರ್‌ಗೆ ಸಿಕ್ಕಿಸಿ, ಪ್ರೊಜೆಕ್ಟರ್‌ನ ಮೆನುವಿನಲ್ಲಿ ಇನ್‌ಪುಟ್ ಆರಿಸಿ. ಅಷ್ಟೇ. ತಲೆನೋವು ಬೇರೆ ಕಡೆ ಇದೆ: ಡಿಶ್‌ನ ತಂತಿ ಟಿವಿ ಇರುವ ಗೋಡೆಗೆ ಬರುತ್ತದೆ, ಪ್ರೊಜೆಕ್ಟರ್ ಎದುರಿನ ಗೋಡೆ ಹತ್ತಿರ ಇರುತ್ತದೆ. ಹತ್ತು ಮೀಟರ್‌ನ ಒಳ್ಳೆಯ ಎಚ್‌ಡಿಎಂಐ ಕೇಬಲ್ ಗೋಡೆ ಅಂಚಿನಲ್ಲಿ ಎಳೆದರೆ ಬಾಕ್ಸ್ ಕದಲಿಸಬೇಕಿಲ್ಲ. ಬಾಕ್ಸ್ ಹಿಂದಕ್ಕೆ ಒಯ್ದರೆ ರಿಮೋಟನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸುವ ಕಸರತ್ತು ಶುರು. ಎಷ್ಟೋ ಸಲ ಮುಂದಿನ ಬಿಳಿ ಗೋಡೆಗೇ ರಿಮೋಟ್ ಹಿಡಿದರೂ ಕಿರಣ ಬಡಿದು ವಾಪಸು ಬಂದು ಚಾನೆಲ್ ಬದಲಾಗುತ್ತದೆ, ಮಾಡಿ ನೋಡಿ. ಟಿವಿಯನ್ನೂ ಹಾಗೇ ಇಟ್ಟುಕೊಳ್ಳುವವರಿಗೆ ಎಚ್‌ಡಿಎಂಐ ಸ್ಪ್ಲಿಟರ್ ಸಿಗುತ್ತದೆ, ಒಂದೇ ಬಾಕ್ಸ್‌ನ ಚಿತ್ರ ಎರಡೂ ಕಡೆ ಬರುತ್ತದೆ.

ಹಳೇ ಬಾಕ್ಸ್‌ನಲ್ಲಿ ಕೆಂಪು, ಬಿಳಿ, ಹಳದಿ ಪಿನ್ ಮಾತ್ರ ಇದ್ದರೆ ಪ್ರೊಜೆಕ್ಟರ್‌ನ ‘ಎವಿ’ ತೂತಿಗೆ ಹಾಕುವ ಮೂರು ಬಾಯಿಯ ತಂತಿ ಬೇಕು. ಚಿತ್ರ ಮಾತ್ರ ಸುಮಾರಾಗಿಯೇ ಇರುತ್ತದೆ. ಎಸ್‌ಡಿ ಚಾನೆಲ್‌ನಲ್ಲಿ ಇರುವುದೇ 576 ಗೆರೆ. 32 ಇಂಚಿನ ಟಿವಿಯಲ್ಲಿ ಮುಚ್ಚಿಹೋಗುವ ಮಬ್ಬು ಗೋಡೆ ಮೇಲೆ ಬಯಲಾಗುತ್ತದೆ. ನೀವು ಜಾಸ್ತಿ ನೋಡುವ ಒಂದೆರಡು ಚಾನೆಲ್‌ಗಾದರೂ ಎಚ್‌ಡಿ ಹಾಕಿಸಿ. ಬಾಕ್ಸ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ 1080ಕ್ಕೆ ಇದೆಯೇ ಅಂತಲೂ ನೋಡಿ.

ಓಟಿಟಿ ನೋಡಲು ಪ್ರೊಜೆಕ್ಟರ್‌ನಲ್ಲೇ ಇರುವ ಆ್ಯಪ್‌ಗಳನ್ನು ನಂಬಿ ಕೂರಬೇಡಿ. ಅಧಿಕೃತ ಒಪ್ಪಿಗೆ ಇಲ್ಲದ ಪೆಟ್ಟಿಗೆಗಳಲ್ಲಿ ಕೆಲವು ಆ್ಯಪ್ ತೆರೆಯುವುದೇ ಇಲ್ಲ, ತೆರೆದರೂ ಮಸುಕು ಚಿತ್ರ ಕೊಡುತ್ತವೆ. ಮೊಬೈಲಿನಿಂದ ಮಿರರ್ ಮಾಡಿದರೆ ಎಷ್ಟೋ ಸಲ ಮಾತು ಕೇಳಿ ಚಿತ್ರ ಕಪ್ಪಾಗಿರುತ್ತದೆ. ಕಾಪಿ ಆಗದಿರಲಿ ಅಂತ ಆ್ಯಪ್‌ನವರೇ ತಡೆಯುತ್ತಾರೆ. ಟಿವಿ ಸ್ಟಿಕ್ ಒಂದನ್ನು ಸಿಕ್ಕಿಸುವುದೇ ಸಲೀಸು. ಅದಕ್ಕೆ ಕರೆಂಟನ್ನು ಪ್ರೊಜೆಕ್ಟರ್‌ನ ಯುಎಸ್‌ಬಿಯಿಂದ ಕೊಡದೆ ಅದರದೇ ಅಡಾಪ್ಟರ್‌ನಿಂದ ಕೊಡಿ. ಪದೇ ಪದೇ ರೀಸ್ಟಾರ್ಟ್ ಆಗುವ ರೋಗಕ್ಕೆ ಮೊದಲ ಮದ್ದು ಅದು.

ತುಟಿ ಮುಂದೆ, ಮಾತು ಹಿಂದೆ

ಒಳಗಿನ ಪುಟ್ಟ ಸ್ಪೀಕರ್‌ನ ದನಿ ಅದರದೇ ಫ್ಯಾನಿನ ಸದ್ದಿನಲ್ಲಿ ಮುಳುಗುತ್ತದೆ. ಅದೂ ನಿಮ್ಮ ಬೆನ್ನ ಹಿಂದಿನಿಂದ ಬರುತ್ತದೆ. ಹೊರಗಿನ ಸ್ಪೀಕರ್ ತಂದು ಚಿತ್ರದ ಕೆಳಗೆ ಇಡಿ. ಬ್ಲೂಟೂತ್ ಅನುಕೂಲವೇನೋ ಹೌದು, ಆದರೆ ದನಿ ಚೂರು ತಡವಾಗುತ್ತದೆ. ಚೆಂಡು ಬ್ಯಾಟಿಗೆ ತಾಗಿದ್ದು ಕಂಡ ಮೇಲೆ ‘ಟಕ್’ ಕೇಳಿಸುತ್ತದೆ. ಒಮ್ಮೆ ಗಮನಿಸಿದರೆ ಆಮೇಲೆ ಬೇರೇನೂ ಕಾಣದು. ಪ್ರೊಜೆಕ್ಟರ್‌ನ ಹೆಡ್‌ಫೋನ್ ತೂತಿನಿಂದ ಸ್ಪೀಕರ್‌ಗೆ ಆಕ್ಸ್ ವೈರ್ ಎಳೆದರೆ ಆ ಕಾಟ ಇಲ್ಲ.

ಶುರು ಮಾಡುವ ಮುನ್ನ

ಹತ್ತು ಹದಿನೈದು ನಿಮಿಷ ಮೊದಲೇ ಆನ್ ಮಾಡಿ. ಬಿಸಿಯಾದ ಹಾಗೆ ಫೋಕಸ್ ಜಾರುತ್ತದೆ, ಅದಕ್ಕೇ ಬಿಸಿಯಾದ ಮೇಲೆ ಇನ್ನೊಮ್ಮೆ ಸರಿಮಾಡಿ. ಗಾಳಿ ಹೋಗುವ ಕಿಂಡಿಗಳಿಗೆ ದಿಂಬು, ಬಟ್ಟೆ ಅಡ್ಡ ಇಡಬೇಡಿ. ಧೂಳು ಒಳಗೆ ಹೋದರೆ ಚಿತ್ರದ ನಡುವೆ ಕಪ್ಪು ಮಚ್ಚೆ ಬೀಳುತ್ತದೆ. ಬಿಚ್ಚುವ ಫಿಲ್ಟರ್ ಇದ್ದರೆ ತಿಂಗಳಿಗೊಮ್ಮೆ ಮೆತ್ತಗಿನ ಬ್ರಷ್‌ನಿಂದ ಒರೆಸಿ.

ಮಳೆಗಾಲದಲ್ಲಿ ಸೊಳ್ಳೆ ಪರದೆಯ ಬಾಗಿಲು ಹಾಕಿಕೊಂಡೇ ಕೂರಿ. ಕತ್ತಲ ಮನೆಯಲ್ಲಿ ಗೋಡೆಯೊಂದೇ ಬೆಳಗುತ್ತಿದ್ದರೆ ರೆಕ್ಕೆ ಹುಳುಗಳೆಲ್ಲ ಅಲ್ಲಿಗೇ ಬರುತ್ತವೆ, ಅವುಗಳ ಹಿಂದೆ ಹಲ್ಲಿ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಕಪ್ ಎತ್ತಿತಲ್ವಾ, ಅವತ್ತು ನಮ್ಮನೇಲಿ ಕೊನೆಯ ಎರಡು ಓವರ್ ಪೂರ್ತಿ ಲಾಂಗ್‌ಆನ್‌ನಲ್ಲಿ ಒಂದು ಹಲ್ಲಿ ಇತ್ತು. ಕೂತ ಜಾಗ ಬದಲಿಸಿದರೆ ವಿಕೆಟ್ ಬೀಳುವುದಿಲ್ಲ ಅಂತ ಅಮ್ಮ ಹೇಳಿದ್ದರು. ಓಡಿಸಲು ಯಾರೂ ಏಳಲಿಲ್ಲ.