ಹಿಮವಿಲ್ಲದ ಊರಿನಲ್ಲಿ ಬೈಂಡಿಂಗ್ ಕೂರಿಸಿದ್ದು

ಹಿಮದ ಇಳಿಜಾರಿನಲ್ಲಿ ಅಡ್ಡಲಾಗಿ ನಿಂತು ಜಾರುವ ಹಲಗೆಯೇ ಸ್ನೋಬೋರ್ಡು; ಅದರ ಮೇಲೆ ಬೂಟುಗಳನ್ನು ಬಿಗಿಹಿಡಿಯುವ ಸಾಧನಕ್ಕೆ ಬೈಂಡಿಂಗ್ ಎನ್ನುತ್ತಾರೆ. ಜೋರಾಗಿ ಬಿದ್ದಾಗ ಸ್ಕೀಯ ಬೈಂಡಿಂಗ್ ಬೂಟನ್ನು ತಾನಾಗಿ ಬಿಟ್ಟುಕೊಡುತ್ತದೆ, ಸ್ನೋಬೋರ್ಡಿನದು ಬಿಟ್ಟುಕೊಡುವುದಿಲ್ಲ. ಬಿದ್ದರೂ ಎದ್ದರೂ ಎರಡು ಪಾದಗಳೂ ನಾವು ಕೂರಿಸಿದ ಕೋನದಲ್ಲಿ, ಕೂರಿಸಿದ ಅಂತರದಲ್ಲಿಯೇ ಇರುತ್ತವೆ. ಇಷ್ಟು ಸರಳವಾದ ಸಂಗತಿ ಮನದಟ್ಟಾಗಲು ನನಗೆ ಗುಲ್ಮಾರ್ಗಿನ ಎರಡು ಚಳಿಗಾಲಗಳು ಬೇಕಾದವು. ಮೂರನೆಯ ಪ್ರಯಾಣಕ್ಕೆ ಮೊದಲು ಬಸವನಗುಡಿಯ ನಮ್ಮ ಮನೆಯ ನಡುಮನೆಯಲ್ಲಿ ಒಂದು ಇಡೀ ಭಾನುವಾರವನ್ನು ಈ ಕೆಲಸಕ್ಕೆಂದೇ ಮೀಸಲಿಟ್ಟೆ.

ಮೊದಲ ವರ್ಷದ್ದು ಬಾಡಿಗೆಯ ಬೋರ್ಡು. ಕೊಟ್ಟವರು ಬೂಟಿನ ಅಳತೆ ಕೇಳಿದರೇ ಹೊರತು ಯಾವ ಕಾಲು ಮುಂದೆ ಎಂದು ಕೇಳಲಿಲ್ಲ. ಅದು ಕೇಳಬೇಕಾದ ಪ್ರಶ್ನೆಯೆಂದು ನನಗೂ ತಿಳಿದಿರಲಿಲ್ಲ. ಎಡಗಾಲು ಮುಂದಿಟ್ಟು ನಿಲ್ಲುವುದು ರೆಗ್ಯುಲರ್, ಬಲಗಾಲು ಮುಂದಿಟ್ಟು ನಿಲ್ಲುವುದು ಗೂಫಿ. ನಾನು ಗೂಫಿ ಎಂಬುದು ಗೊತ್ತಾದದ್ದು ಊರಿಗೆ ಮರಳಿ, ಕಾಲುಚೀಲ ತೊಟ್ಟು ನಡುಮನೆಯ ಕೆಂಪು ಕಾವಿ ನೆಲದ ಮೇಲೆ ಓಡಿಬಂದು ಜಾರಿ ನೋಡಿದಾಗ. ಹತ್ತು ಸಲದಲ್ಲಿ ಒಂಬತ್ತು ಸಲ ಬಲಗಾಲೇ ಮುಂದಿತ್ತು. ಎರಡನೆಯ ವರ್ಷ ಸಹೋದ್ಯೋಗಿಯೊಬ್ಬರು ಬಳಸಿದ ಬೋರ್ಡನ್ನೂ ಬೈಂಡಿಂಗನ್ನೂ ಕೊಂಡು, ವಿಮಾನ ಹತ್ತುವ ಹಿಂದಿನ ರಾತ್ರಿ ಇಪ್ಪತ್ತು ನಿಮಿಷದಲ್ಲಿ ಜೋಡಿಸಿಕೊಂಡು ಹೋದೆ. ಪಾದ ಬೋರ್ಡಿಗೆ ನೇರ ಅಡ್ಡಲಾಗಿದ್ದರೆ ಕೋನ ಸೊನ್ನೆ; ಬೋರ್ಡಿನ ಮೂತಿಯ ಕಡೆಗೆ ತಿರುಗಿದರೆ +, ಬಾಲದ ಕಡೆಗೆ ತಿರುಗಿದರೆ −. ಮುಂಗಾಲಿಗೆ +15, ಹಿಂಗಾಲಿಗೆ −15 ಡಿಗ್ರಿ ಎಂಬ ಕೋನಗಳನ್ನು ಎಲ್ಲೋ ನೋಡಿ ಹಾಗೆಯೇ ಇಟ್ಟಿದ್ದೆ. ಎರಡನೆಯ ದಿನಕ್ಕೇ ಹಿಂಗಾಲಿನ ಮಂಡಿಯ ಒಳಬದಿ ನೋಯತೊಡಗಿತು. ಅದಕ್ಕಿಂತ ಹೆಚ್ಚು ಕಾಡಿದ್ದೆಂದರೆ, ಬೆರಳುಗಳ ಕಡೆಯ ಅಂಚಿನ ಮೇಲೆ ಬೋರ್ಡನ್ನು ವಾಲಿಸಿ ತಿರುಗುವಾಗಲೆಲ್ಲ ಬೂಟಿನ ಮೂತಿ ಹಿಮವನ್ನು ಕೆರೆದು, ಅಂಚು ಹಿಡಿತ ಕಳೆದುಕೊಂಡು ನಾನು ಮೊಗಚಿಕೊಳ್ಳುತ್ತಿದ್ದುದು. ತಪ್ಪು ನನ್ನ ಸಮತೋಲನದ್ದೆಂದೇ ಇಡೀ ವಾರ ನಂಬಿದ್ದೆ.

1965ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಶೆರ್ಮನ್ ಪಾಪೆನ್ ಎಂಬಾತ ತನ್ನ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಮಾಡಿದ ಸ್ನರ್ಫರ್ ಎಂಬ ಆಟಿಕೆಗೆ ಬೈಂಡಿಂಗೇ ಇರಲಿಲ್ಲ. ಮೂತಿಗೆ ಕಟ್ಟಿದ ಹಗ್ಗವನ್ನು ಹಿಡಿದು ನಿಲ್ಲಬೇಕಿತ್ತು. ಅದರ ಮೇಲೆ ಪಾದವನ್ನು ಸರಿಸಿಕೊಳ್ಳುವ ಸ್ವಾತಂತ್ರ್ಯವಾದರೂ ಇತ್ತು.

ಈಗಿನ ಬೋರ್ಡಿನೊಳಗೆ ಥ್ರೆಡ್ ಇರುವ ಪುಟ್ಟ ಉಕ್ಕಿನ ಗೂಡುಗಳನ್ನು ಹುದುಗಿಸಿರುತ್ತಾರೆ. ನನ್ನ ಬೋರ್ಡಿನಲ್ಲಿ ಅವು ಅಡ್ಡಲಾಗಿ 4 ಸೆಂಟಿಮೀಟರ್, ಉದ್ದಕ್ಕೆ 2 ಸೆಂಟಿಮೀಟರ್ ಅಂತರದಲ್ಲಿವೆ. ಎರಡೂ ದಿಕ್ಕಿಗೆ 4 ಸೆಂಟಿಮೀಟರ್ ಇರುವ ಬೋರ್ಡುಗಳೂ ಉಂಟು. ಬರ್ಟನ್ ಕಂಪನಿಯ ಹೆಚ್ಚಿನ ಹೊಸ ಬೋರ್ಡುಗಳಲ್ಲಿ ಗೂಡುಗಳ ಬದಲು ಉದ್ದನೆಯ ತೋಡೇ ಇರುತ್ತದೆ. ಕೊಳ್ಳುವಾಗ ಬೈಂಡಿಂಗಿನ ಬಿಲ್ಲೆ ಬೋರ್ಡಿಗೆ ಹೊಂದುತ್ತದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಬೈಂಡಿಂಗಿನ ನಡುವೆ ಕೂರುವ ಈ ದುಂಡು ಬಿಲ್ಲೆಯ ಅಂಚಿನಲ್ಲಿ ಹಲ್ಲುಗಳಿದ್ದು, ಒಂದೊಂದು ಹಲ್ಲಿಗೆ 3 ಡಿಗ್ರಿಯಂತೆ ಬೈಂಡಿಂಗನ್ನು ತಿರುಗಿಸಬಹುದು. ನಾಲ್ಕು ಸ್ಕ್ರೂಗಳು ಬಿಲ್ಲೆಯನ್ನು ಬೋರ್ಡಿಗೆ ಒತ್ತುತ್ತವೆ, ಬಿಲ್ಲೆ ಬೈಂಡಿಂಗನ್ನು ಒತ್ತಿ ಹಿಡಿಯುತ್ತದೆ.

ಕೆಲಸ ಮೊದಲಾದದ್ದು ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ. ಹಿಂದಿನ ವರ್ಷ ಅವಸರದಲ್ಲಿ ಎರಡು ಸ್ಕ್ರೂಗಳ ತಲೆ ಸವೆಸಿದ್ದೆ, ಒಂದನ್ನು ಕಳೆದಿದ್ದೆ. ಮಾದರಿಗೆಂದು ಒಯ್ದ ಸ್ಕ್ರೂವನ್ನೂ ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೂ ನೋಡಿದ ಅಂಗಡಿಯವರು, “ಸಾರ್, ಇದು ಎರಡನೇ ನಂಬರ್ ಸ್ಟಾರ್. ಈ ಸ್ಕ್ರೂಗೆ ಮೂರನೇ ನಂಬರ್ ಬೇಕು. ಎರಡು ಹಾಕಿ ತಿರುಗಿಸಿದ್ರೆ ತಲೆ ತಿಂದುಹೋಗ್ದೆ ಇನ್ನೇನಾಗುತ್ತೆ?” ಎಂದರು. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡನೇ ನಂಬರಿನದೇ. ಮೂರನೆಯದರ ಮೂತಿ ಸ್ಕ್ರೂ ತಲೆಯೊಳಗೆ ಅಲ್ಲಾಡದೆ ಕೂತಾಗ ಕೈಗೆ ಸಿಗುವ ಹಿಡಿತವೇ ಬೇರೆ.

ಸ್ಕ್ರೂ 6 ಮಿಲಿಮೀಟರ್ ದಪ್ಪದ್ದು, ಎಂ6. ನನ್ನವು 16 ಮಿಲಿಮೀಟರ್ ಉದ್ದ. ಅಂಗಡಿಯಲ್ಲಿ ತಕ್ಷಣ ಸಿಕ್ಕಿದ್ದು 20ರದು. ಎಂ6ನ ಸಾಮಾನ್ಯ ಥ್ರೆಡ್ಡಿನಲ್ಲಿ ಒಂದು ಸುತ್ತಿಗೆ ಸ್ಕ್ರೂ ಒಂದು ಮಿಲಿಮೀಟರ್ ಇಳಿಯುತ್ತದೆ. ಉದ್ದ ಹೆಚ್ಚಾದರೆ ಅದು ಗೂಡಿನ ತಳಕ್ಕೆ ತಾಕಿ ನಿಲ್ಲುತ್ತದೆ. ಬಿಗಿಯಾಯಿತೆಂದು ಕೈ ಹೇಳುತ್ತದೆ, ಬಿಲ್ಲೆ ಮಾತ್ರ ಸಡಿಲವಾಗಿಯೇ ಇರುತ್ತದೆ, ಇನ್ನೂ ಒತ್ತಿದರೆ ಬೋರ್ಡಿನ ತಳದಲ್ಲಿ ಗುಳ್ಳೆ ಏಳುತ್ತದೆ. ಗಿಡ್ಡವಾದರೆ ಎರಡು ಮೂರು ಸುತ್ತಿನ ಥ್ರೆಡ್ಡೇ ಇಡೀ ಭಾರ ಹೊರಬೇಕಾಗುತ್ತದೆ. ಬಿಲ್ಲೆಯ ಸಮೇತ ಸ್ಕ್ರೂ ಇಳಿಸಿ ಸುತ್ತುಗಳನ್ನು ಎಣಿಸಿದೆ. ಆರಕ್ಕೆ ಕಡಿಮೆಯಿಲ್ಲದೆ ಇಳಿದು ತಲೆ ಬಿಲ್ಲೆಯ ಗುಳಿಯಲ್ಲಿ ಮಟ್ಟವಾಗಿ ಕೂರಬೇಕೆಂಬುದು ನನ್ನ ಲೆಕ್ಕ. ಅದೇ ಉದ್ದದ, ಅದೇ ಆಕಾರದ ತಲೆಯ ಸ್ಟೇನ್‌ಲೆಸ್ ಸ್ಕ್ರೂಗಳಿಗಾಗಿ ಇನ್ನೂ ನಾಲ್ಕು ಅಂಗಡಿ ಅಲೆಯಬೇಕಾಯಿತು.

ಕೋನವನ್ನು ಈ ಸಲ ನನ್ನ ಕಾಲುಗಳಿಂದಲೇ ಕೇಳಿ ತಿಳಿಯುವುದೆಂದು ತೀರ್ಮಾನಿಸಿದೆ. ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬೋರ್ಡಿನ ಉದ್ದಕ್ಕೆ ಒಂದು ಗೆರೆ ಎಳೆದು, ಬಕೆಟ್ಟಿನಲ್ಲಿ ಪಾದ ಅದ್ದಿ, ಗೆರೆಯ ಮೇಲೆ ಸಣ್ಣಗೆ ನೆಗೆದು, ಮಂಡಿ ಬಗ್ಗಿಸಿ ಇಳಿದೆ. ಪಾದಗಳನ್ನು ನೋಡಿಕೊಂಡು ಇಳಿದರೆ ಮನಸ್ಸು ಅವನ್ನು ಚೆಂದಕ್ಕೆ ಜೋಡಿಸಿಬಿಡುತ್ತದೆ, ಆದ್ದರಿಂದ ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಇಳಿಯಬೇಕು. ಕಾವಿ ನೆಲದ ಮೇಲೆ ಒದ್ದೆ ಹೆಜ್ಜೆಗಳು ಕಪ್ಪಗೆ, ಸ್ಪಷ್ಟವಾಗಿ ಮೂಡಿದವು. ಅವು ಆರುವ ಮುನ್ನ ಹಿಮ್ಮಡಿಯ ನಡುವಿನಿಂದ ಎರಡನೆಯ ಬೆರಳಿನವರೆಗೆ ಗೆರೆ ಎಳೆದು, ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕದಿಂದ ಅಳೆದೆ. ಐದು ನೆಗೆತಗಳ ಸರಾಸರಿ ಮುಂಗಾಲಿಗೆ 17, ಹಿಂಗಾಲಿಗೆ −8 ಡಿಗ್ರಿ. ಹಿಂಗಾಲನ್ನು −15ಕ್ಕೆ ತಿರುಚಿ ವಾರವಿಡೀ ನಿಲ್ಲಿಸಿದ್ದಕ್ಕೆ ಮಂಡಿ ದೂರಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಬಿಲ್ಲೆಯ ಹಲ್ಲುಗಳಿಗೆ ಹೊಂದುವಂತೆ +18, −9 ಎಂದು ಇಟ್ಟೆ.

ಅಂತರದಲ್ಲಿ ಒಂದು ತೊಡಕು ಎದುರಾಯಿತು. ಹೆಜ್ಜೆಗಳ ನಡುವಿನ ಅಂತರ 54 ಸೆಂಟಿಮೀಟರ್. ಬೋರ್ಡಿನ ತಯಾರಕರು ಗುರುತಿಸಿದ ಜಾಗದಲ್ಲಿ ಕೂರಿಸಿದರೆ 56. ಎರಡು ಬೈಂಡಿಂಗ್‌ಗಳನ್ನೂ ಒಂದೊಂದು ಗೂಡು ಒಳಕ್ಕೆ ತಂದರೆ 52 ಆಗುತ್ತದೆ. ಬಿಲ್ಲೆಯಲ್ಲಿರುವ ಉದ್ದನೆಯ ಸೀಳುಗಳನ್ನು ಬೋರ್ಡಿನ ಉದ್ದಕ್ಕೆ ತಿರುಗಿಸಿಕೊಂಡರೆ ನಡುವಿನ ಅಳತೆ ಸಿಗುತ್ತದೆ, ಆದರೆ ಆ ಸೀಳುಗಳು ಬೂಟನ್ನು ಅಡ್ಡಲಾಗಿ ಸರಿಸಲು ನನಗೆ ಬೇಕಾಗಿದ್ದವು. ಕೊನೆಗೆ ಮುಂದಿನ ಬೈಂಡಿಂಗನ್ನು ಮಾತ್ರ ಒಂದು ಗೂಡು ಹಿಂದಕ್ಕೆ ತಂದೆ. ಅಂತರ 54 ಆಯಿತು; ನಾನು ನಿಲ್ಲುವ ಕೇಂದ್ರ ಬಾಲದ ಕಡೆಗೆ 1 ಸೆಂಟಿಮೀಟರ್ ಸರಿಯಿತು. ಮೆತ್ತನೆಯ ಹೊಸ ಹಿಮದಲ್ಲಿ ಬೋರ್ಡಿನ ಮೂತಿ ಮುಳುಗದಿರಲು ಈ ಹಿನ್ನಡೆ ಅನುಕೂಲವೇ, ಗುಲ್ಮಾರ್ಗ್ ಹೆಸರಾಗಿರುವುದೂ ಅಂಥ ಹಿಮಕ್ಕೇ.

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಬೂಟನ್ನು ಅಂಚಿನಿಂದ ಅಂಚಿಗೆ ನಡುವೆ ತರುವುದು, ಮತ್ತು ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಹೊಂದಾಣಿಕೆ ಇನ್ನೊಂದಿಲ್ಲ. ಬೋರ್ಡಿನ ಅಗಲ ಪಾದವಿಡುವ ಜಾಗದಲ್ಲಿ 26 ಸೆಂಟಿಮೀಟರ್, ಬೂಟಿನ ಹೊರಗಿನ ಉದ್ದ 30. ಎರಡೂ ಕಡೆ ಬೂಟು ಸ್ವಲ್ಪ ಹೊರಚಾಚಲೇಬೇಕು, ಆ ಚಾಚು ಎರಡೂ ಕಡೆ ಸಮವಾಗಿರಬೇಕು. ಬೋರ್ಡನ್ನು ಎರಡು ಮಣೆಗಳ ಮೇಲೆ ಏರಿಸಿ, ಬೂಟು ತೊಟ್ಟು ನಿಂತು ಪಟ್ಟಿಗಳನ್ನು ಪೂರ್ತಿ ಬಿಗಿದೆ. ಮಗಳು ಅಂಚಿಗೆ ಅಳತೆಪಟ್ಟಿ ಹಿಡಿದು ಓದಿದಳು: ಹಿಮ್ಮಡಿಯ ಕಡೆ 0.5, ಬೆರಳುಗಳ ಕಡೆ 2. ಹಿಮ ಕೆರೆದದ್ದು ಯಾವುದೆಂಬುದು ನಡುಮನೆಯಲ್ಲಿಯೇ ಬಯಲಾಯಿತು. ಹಿಂದಿನ ವರ್ಷ ಖಾಲಿ ಬೂಟನ್ನು ಸುಮ್ಮನೆ ಇಟ್ಟು ಕಣ್ಣಳತೆಯಲ್ಲಿ ಸರಿಯೆಂದುಕೊಂಡಿದ್ದೆ. ಪಟ್ಟಿ ಬಿಗಿದಾಗ ಹಿಮ್ಮಡಿ ಇನ್ನೂ 4 ಮಿಲಿಮೀಟರ್ ಹಿಂದಕ್ಕೆ ಕೂರುತ್ತದೆಂಬುದನ್ನು ಈ ಸಲ ಅಳೆದು ಕಂಡೆ. ಬಿಲ್ಲೆಯ ಸೀಳಿನಲ್ಲಿ ಬೈಂಡಿಂಗನ್ನು ಹಿಮ್ಮಡಿಯ ಕಡೆಗೆ ಸರಿಸಿದೆ, ಸಾಲದ ಭಾಗವನ್ನು ಹಿಮ್ಮಡಿಯನ್ನು ಬಳಸುವ ಬಳೆಯ ಸ್ಕ್ರೂ ಸಡಿಲಿಸಿ ಒಂದು ರಂಧ್ರ ಹಿಂದಕ್ಕೆ ಹಾಕಿ ತುಂಬಿದೆ. ಮೂರನೆಯ ಸಲ ಅಳೆದಾಗ ಹಿಮ್ಮಡಿಗೆ 1.2, ಬೆರಳಿಗೆ 1.3 ಬಂತು. ಹಿಂಗಾಲಿನ ಕೋನ ಕಡಿಮೆಯಾದ್ದರಿಂದ ಆ ಬೂಟು ಹೆಚ್ಚು ಅಡ್ಡವಾಗಿ ಕೂತು ಎರಡೂ ಕಡೆ 1.8ರಷ್ಟು ಚಾಚುತ್ತದೆ. ಕೋನ ಬದಲಾದರೆ ಚಾಚೂ ಬದಲಾಗುವುದರಿಂದ ಕೋನವನ್ನು ಮೊದಲು ಗಟ್ಟಿ ಮಾಡಿಕೊಳ್ಳದೆ ಈ ಅಳತೆಗೆ ಕೈಹಾಕುವುದು ವ್ಯರ್ಥ.

ಬಿಗಿಯುವ ಹೊತ್ತಿಗೆ ಅಪ್ಪ ಬಂದು ಕುರ್ಚಿ ಎಳೆದುಕೊಂಡು ಕೂತರು. ಮೂವತ್ತು ವರ್ಷ ಫಿಟ್ಟರ್ ಆಗಿದ್ದವರಿಗೆ ನನ್ನ ಕೈಯ ವಿದ್ಯುತ್ ಡ್ರಿಲ್ ಕಂಡು ಸಹಿಸಲಾಗಲಿಲ್ಲ. “ಅದನ್ನ ಆಚೆ ಇಡೋ. ಒಂದನ್ನೇ ಪೂರ್ತಿ ಬಿಗೀಬೇಡ. ನಾಲ್ಕನ್ನೂ ಕೈಯಲ್ಲೇ ಕೂರಿಸು, ಆಮೇಲೆ ಎದುರುಬದುರು ಮೂಲೆ ಹಿಡಿದು ಸ್ವಲ್ಪಸ್ವಲ್ಪವೇ ಬಿಗಿ. ಕಾರಿನ ಚಕ್ರ ಹಾಕಲ್ವಾ, ಹಾಗೆ.” ಹಾಗೆಯೇ ಮಾಡಿದೆ. ಮಣಿಕಟ್ಟಿನ ಬಲಕ್ಕೆ ಸ್ಕ್ರೂ ನಿಂತ ಮೇಲೆ ಇನ್ನೊಂದು ಸಣ್ಣ ಒತ್ತು ಸಾಕು. ಮೈಬಲವೆಲ್ಲ ಹಾಕಿದರೆ ಗೂಡು ಮೇಲಕ್ಕೆಳೆದುಕೊಂಡು ಬೋರ್ಡಿನ ತಳದಲ್ಲಿ ಗುಳಿ ಬೀಳುತ್ತದೆ. ಸ್ಕ್ರೂಗೆ ಹಚ್ಚಲು ಅಪ್ಪ ತಂದ ಥ್ರೆಡ್ ಲಾಕರ್ ಅಂಟನ್ನು ಮಾತ್ರ ಬೇಡವೆಂದೆ. ಅಂಥ ಅಂಟು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತದೆ, ನನ್ನ ಬೈಂಡಿಂಗಿನ ಬಿಲ್ಲೆ ಪ್ಲಾಸ್ಟಿಕ್ಕಿನದು. ಅವರು ಒಪ್ಪಲಿಲ್ಲ, ಆದರೆ ಒತ್ತಾಯಿಸಲೂ ಇಲ್ಲ.

ಉಳಿದದ್ದು ಬೇಗ ಮುಗಿಯಿತು. ಮೀನಖಂಡಕ್ಕೆ ಆಸರೆಯಾಗುವ ಹೈಬ್ಯಾಕನ್ನು ಬೋರ್ಡಿನ ಹಿಮ್ಮಡಿಯ ಅಂಚಿಗೆ ಸಮಾನಾಂತರವಾಗುವಂತೆ ತಿರುಗಿಸಿ, ಅದರ ಮುಂದೊರಗನ್ನು ಸದ್ಯಕ್ಕೆ ಸೊನ್ನೆಯಲ್ಲಿಯೇ ಬಿಟ್ಟೆ. ಕಾಲಿನ ಪಟ್ಟಿಯ ಮೆತ್ತೆ ಬೂಟಿನ ನಟ್ಟನಡುವೆ ಬರಬೇಕು. ಬೆರಳ ಪಟ್ಟಿ ಬೂಟಿನ ಮೂತಿಯನ್ನು ಟೋಪಿಯಂತೆ ಹಿಡಿದು ಹಿಂದಕ್ಕೆ ಎಳೆಯಬೇಕು. ಎರಡಕ್ಕೂ ಬದಿಯಲ್ಲಿರುವ ರಂಧ್ರಗಳನ್ನು ಬದಲಿಸಿದರೆ ಸಾಕು.

ಜನವರಿಯಲ್ಲಿ ಗುಲ್ಮಾರ್ಗಿನ ಗೊಂಡೊಲಾದ ಮೊದಲ ಹಂತ ಹತ್ತಿ ಕೊಂಗ್ಡೂರಿಯಲ್ಲಿ ಇಳಿದೆ. ಮೂರು ಸುತ್ತು ಜಾರಿದ ಮೇಲೆ ಪಕ್ಕಕ್ಕೆ ಕೂತು, ಜೇಬಿನಲ್ಲಿದ್ದ ಗಿಡ್ಡ ಸ್ಕ್ರೂಡ್ರೈವರಿನಿಂದ ಎಂಟು ಸ್ಕ್ರೂಗಳನ್ನೂ ಮುಟ್ಟಿ ನೋಡಿದೆ. ಹಿಂದಿನ ಬೈಂಡಿಂಗಿನ ಎರಡು ಸ್ಕ್ರೂಗಳು ಕಾಲು ಸುತ್ತಿನಷ್ಟು ತಿರುಗಿದವು. ಹೊಸದಾಗಿ ಕೂರಿಸಿದ ದಿನ ಇದು ಸಹಜ. ನೋಡದೆ ಬಿಟ್ಟಿದ್ದರೆ ಸಂಜೆಯ ಹೊತ್ತಿಗೆ ಬಿಲ್ಲೆ ಅಲ್ಲಾಡುತ್ತಿತ್ತು. ಬೆರಳ ಅಂಚಿನ ತಿರುವಿನಲ್ಲಿ ಬೂಟು ಹಿಮಕ್ಕೆ ತಾಕಲಿಲ್ಲ. ಮಂಡಿ ಮಾತ್ರ ಎರಡನೆಯ ದಿನ ಸಣ್ಣಗೆ ಗೊಣಗಿತು. ಹಿಂಗಾಲಿನ ಕೋನವೊಂದನ್ನೇ −6ಕ್ಕೆ ಇಳಿಸಿ, ಚಾಚನ್ನು ಮತ್ತೆ ಅಳೆದು, ಬೇರೇನನ್ನೂ ಮುಟ್ಟದೆ ಒಂದು ದಿನ ನೋಡಿದೆ. ಎರಡು ಹೊಂದಾಣಿಕೆಗಳನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ನೋವು ನಿಂತಿತು, ಅದೇ ಕೋನ ಈಗಲೂ ಇದೆ.

ಏಪ್ರಿಲಿನಲ್ಲಿ ಬೋರ್ಡನ್ನು ಅಟ್ಟಕ್ಕೇರಿಸುವ ಮೊದಲು ಎಂಟೂ ಸ್ಕ್ರೂಗಳನ್ನು ಒಂದೊಂದು ಸುತ್ತು ಸಡಿಲಿಸಿದೆ, ತಿಂಗಳುಗಟ್ಟಲೆ ಬಿಗಿತದಲ್ಲಿ ತಳ ಎಳೆದುಕೊಳ್ಳದಿರಲಿ ಎಂದು. ಬೆಂಗಳೂರಿನ ಮಳೆಗಾಲದ ತೇವಕ್ಕೆ ಉಕ್ಕಿನ ಅಂಚುಗಳು ತುಕ್ಕು ಹಿಡಿಯುವುದರಿಂದ ಅವಕ್ಕೆ ಮೇಣ ಸವರಿದೆ. +18, −6, 54 ಎಂದು ಬರೆದ ಚೀಟಿಯನ್ನು ಮುಂದಿನ ಬೈಂಡಿಂಗಿನ ತಳಕ್ಕೆ ಅಂಟಿಸಿದ್ದೇನೆ. ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮೂರನೇ ನಂಬರಿನ ಸ್ಕ್ರೂಡ್ರೈವರೂ 16 ಮಿಲಿಮೀಟರಿನ ಎರಡು ಹೆಚ್ಚುವರಿ ಸ್ಕ್ರೂಗಳೂ ಇವೆ.