ನೀಲಿ ಪಿಂಗಾಣಿ ಪರದೆಗೆ ನೀರು ತುಂಬಿದ್ದು

ಚೀನಾದ ಪಿಂಗಾಣಿ ಊರು ಚಿಂಗ್‌ಡೆಜೆನ್‌ನಲ್ಲಿ ಮೂರು ತಿಂಗಳು ಇದ್ದು ನಾನು ಪೂರ್ತಿ ಮಾಡಿದ್ದು ಒಂದೇ ವಸ್ತು, ಮೇಜಿನ ಮೇಲೆ ನಿಲ್ಲಿಸುವ ನೀಲಿ-ಬಿಳಿ ಪಿಂಗಾಣಿ ಪರದೆ. ಮರದ ಚೌಕಟ್ಟಿನ ತೋಡಿನೊಳಗೆ ಪಿಂಗಾಣಿ ಹಲಗೆ ಇಳಿಸಿರುತ್ತಾರೆ. ಅದಕ್ಕೆ ಚಾಪಿಂಗ್ ಅನ್ನುತ್ತಾರೆ. ಹಿಂದೆ ವಿದ್ವಾಂಸರು ಮಸಿಗೆ ಗಾಳಿ ತಾಗದಿರಲಿ ಅಂತ ಚಿಕ್ಕ ಪರದೆಗಳನ್ನು ಬರೆಯುವ ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದರು.

ಸುಡದ ಹಲಗೆಯನ್ನು ಕೊಂಡು ತಂದೆ. ಆ ಊರಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ. ಹಲಗೆ ಮಾಡುವವರು, ಗ್ಲೇಜ್ (ಸುಟ್ಟಾಗ ಗಾಜಿನ ಹಾಗೆ ಹೊಳೆಯುವ ಲೇಪ) ಹೊಡೆಯುವವರು, ಭಟ್ಟಿಯವರು ಎಲ್ಲ ಬೇರೆ ಬೇರೆ. ನನ್ನ ಪಾಲಿಗೆ ಉಳಿದದ್ದು ಚಿತ್ರ.

ಚಿತ್ರವನ್ನು ಸುಡದ ಒಣ ಮಣ್ಣಿನ ಮೇಲೇ ಬರೆಯಬೇಕು. ಸುಟ್ಟಾಗ ನೀಲಿಯಾಗುವ ಕೋಬಾಲ್ಟ್ ಪುಡಿಯನ್ನು ಚಹಾ ನೀರಲ್ಲಿ ಅರೆದು ಬಿದಿರಿನ ಗೆರೆಗಳನ್ನು ಎಳೆದೆ. ಅದು ಕಷ್ಟವಾಗಲಿಲ್ಲ. ಕಷ್ಟ ಇದ್ದದ್ದು ಆಮೇಲೆ, ಗೆರೆಗಳ ಒಳಗೆ ಕೋಬಾಲ್ಟ್ ಬೆರೆಸಿದ ನೀರು ತುಂಬುವುದರಲ್ಲಿ. ಇದನ್ನು ಫೆನ್‌ಶ್ವೇ ಅನ್ನುತ್ತಾರೆ. ಹೊಟ್ಟೆ ದಪ್ಪ, ತುದಿ ಚೂಪಾದ ಕುಂಚ. ಅದರ ತುಂಬ ನೀರು. ಕುಂಚ ಮಣ್ಣಿಗೆ ತಾಗಬಾರದು, ನೀರಷ್ಟೇ ತಾಗಬೇಕು. ಹನಿಯನ್ನು ಎಲೆಯ ಉದ್ದಕ್ಕೂ ನಡೆಸಿಕೊಂಡು ಹೋಗಿ, ಉಳಿದದ್ದನ್ನು ತುದಿಯಿಂದ ವಾಪಸ್ ಹೀರಿಕೊಳ್ಳಬೇಕು. ಬಿಸಿಲಿಗೆ ಬಿರುಕು ಬಿಟ್ಟ ಹೊಲದ ಹಾಗೆ ಆ ಮಣ್ಣು ನೀರು ಕುಡಿಯುತ್ತದೆ. ಒಂದು ಕ್ಷಣ ನಿಂತರೂ ಅಲ್ಲಿ ಕಪ್ಪು ಕಲೆ. ನನ್ನ ಮೊದಲ ಹಲಗೆ ಹಾಗೇ ಹಾಳಾಯಿತು. ಒಂದೇ ಕಡೆ ಮತ್ತೆ ಮತ್ತೆ ನೀರು ಕುಡಿಸಿದ್ದೆ, ಮಣ್ಣು ಸೀಳಿಹೋಯಿತು.

"ಕೈ ಅಲ್ಲ, ಉಸಿರು ನಿಧಾನ ಮಾಡು" ಅಂದರು ಕಲಿಸುತ್ತಿದ್ದ ಶಿಫು, ಅಂದರೆ ಗುರು. ಎರಡು ವಾರ ಒಡೆದ ಹಲಗೆಯ ಚೂರುಗಳ ಮೇಲೆ ಸುಮ್ನೆ ನೀರು ನಡೆಸಿದೆ. ತಿಳಿಯಿಂದ ದಟ್ಟದವರೆಗೆ ಐದು ಬಗೆಯ ನೀಲಿ ಬೇಕು. ಆದರೆ ಭಟ್ಟಿಗೆ ಹೋಗುವ ಮುಂಚೆ ಎಲ್ಲವೂ ಬೂದು-ಕಪ್ಪಾಗೇ ಕಾಣುತ್ತದೆ. ನೀಲಿಯನ್ನು ಮನಸ್ಸಲ್ಲೇ ನೋಡಿಕೊಳ್ಳಬೇಕು, ಅಲ್ವಾ?

ಮೇಲೆ ಗ್ಲೇಜ್ ಹೊಡೆಸಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ಸಲ ಸುಡಿಸಿದೆ. ಬಿದಿರಿನ ಎಲೆಗಳು ನೀಲಿಯಾಗಿ ಹೊರಬಂದಾಗ ಕಣ್ಣು ತುಂಬಿ ಬಂತು.

ಒಂದು ಮಾತು ಹೇಳಲೇಬೇಕು. ಚೌಕಟ್ಟನ್ನು ಮೊದಲೇ ಮಾಡಿಸಬೇಡಿ. ಬೆಂಕಿಯಲ್ಲಿ ಹಲಗೆ ತುಂಬ ಕುಗ್ಗುತ್ತದೆ, ಸ್ವಲ್ಪ ಡೊಂಕೂ ಆಗಬಹುದು. ಸುಟ್ಟ ಮೇಲೆ ಅಳತೆ ತೆಗೆದು, ತೋಡಿನಲ್ಲಿ ಸ್ವಲ್ಪ ಸಂದು ಉಳಿಯುವ ಹಾಗೆ ಚೌಕಟ್ಟು ಮಾಡಿಸಿ. ನಾನು ಪರದೆಯನ್ನು ಬೆಂಗಳೂರಿಗೆ ತಂದ ಮೇಲೆ ಮೊದಲ ಮಳೆಗಾಲದಲ್ಲೇ ಮರ ಊದಿಕೊಂಡಿತು. ಸಂದು ಇದ್ದದ್ದರಿಂದ ಪಿಂಗಾಣಿಗೆ ಏನೂ ಆಗಲಿಲ್ಲ.